ಕಂಬಳಿ ಇಲ್ಲದ ಹೆಗಲು

ಹೋದ ವಾರ ಸಣ್ಣ ಮಳೆ ಬಂದು ನಿಂತ ಮೇಲೆ, ತೊಪ್ಪೂರು ಘಾಟಿಯ ಬುಡದಲ್ಲಿರುವ ನನ್ನ ಅಂಗಡಿಯ ಹತ್ತಿರ ಒಬ್ಬ ಕುರಿಯವನು ಮಂದೆ ನಿಲ್ಲಿಸಿದ. ನೆನೆದ ಕಂಬಳಿಯನ್ನು ನಮ್ಮ ಬೇಲಿಯ ಮೇಲೆ ಹರವಿ ಟೀ ಕುಡಿಯಲು ಹೋದ. ಬಿಸಿಲು ಬಿದ್ದದ್ದೇ ತಡ, ಅದರಿಂದ ವಾಸನೆ ಎದ್ದಿತು. ಉಣ್ಣೆ, ನೂಲಿಗೆ ಹಾಕುವ ಹುಣಿಸೆಬೀಜದ ಗಂಜಿ, ಒಲೆಯ ಹೊಗೆ, ಕುರಿ... ಟಾರ್ಪಾಲು ಹೊಲಿಯುತ್ತಿದ್ದ ನನ್ನ ಕೈ ಹಾಗೇ ನಿಂತಿತು. ನಮ್ಮ ಮಾವ ಬಂದು ಬೆನ್ನ ಹಿಂದೆ ನಿಂತ ಹಾಗಾಯಿತು.

ಮಾವ ಎಂದರೆ ನನ್ನ ಹೆಂಡತಿಯ ತಂದೆ. ಕೊಳತ್ತೂರಿನ ಕಡೆ ಕುರಿ ಸಾಕುವ ಮನೆಯವರು. ಮೊಣಕಾಲು ಸೋತ ಮೇಲೆ ಮಂದೆಯನ್ನು ತಮ್ಮನ ಕೈಗೆ ಒಪ್ಪಿಸಿ ನಮ್ಮ ಮನೆಗೆ ಬಂದರು. ಬರುವಾಗ ತಂದದ್ದು ಒಂದು ಬಟ್ಟೆಚೀಲ, ಒಂದು ಕೋಲು, ಹೆಗಲ ಮೇಲೆ ಒಂದು ಕರಿ ಕಂಬಳಿ. ತಮ್ಮದೇ ಕುರಿಗಳ ಉಣ್ಣೆ, ಅವರ ತಾಯಿ ನೂತ ನೂಲು. ಹೊರಗೆ ಹೊರಟರೆ ಬೇಸಿಗೆಯಲ್ಲೂ ಅದು ಹೆಗಲಿನಿಂದ ಇಳಿಯುತ್ತಿರಲಿಲ್ಲ. ಮನೆಯಲ್ಲಿದ್ದಾಗ ಮಡಿಸಿ ಮುಂದಿನ ಕೋಣೆಯ ಮೂಲೆಯಲ್ಲಿ ಇಡುತ್ತಿದ್ದರು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಾಗಂತ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಹನ್ನೆರಡು ಚಕ್ರದ ಲಾರಿಗೆ ಹೊದಿಸುವ ಟಾರ್ಪಾಲನ್ನು ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಕತ್ತರಿಸುತ್ತೇನೆ. ಮಾವನಿಗೆ ಗೌರವ ಕೊಡುತ್ತಿದ್ದೆ, ಸುಳ್ಳು ಹೇಳಬಾರದು. ಆದರೆ ಜೀವಮಾನವೆಲ್ಲ ಕುರಿ ಹಿಂದೆ ನಡೆದವರಿಗೆ ಬೇರೆ ಏನು ತಿಳಿದೀತು ಎಂಬ ಎಣಿಕೆ ಒಳಗೊಳಗೇ ಇತ್ತು.

ಮಗಳಿಗೆ ಆಗ ಏಳು ವರ್ಷ. ಒಂದು ಬಿಳಿ ಬೆಕ್ಕು ಸಾಕಿದ್ದಳು. ಮೊದಲು ಸೀನು, ಆಮೇಲೆ ಕಣ್ಣು ಕೆಂಪಗಾಗುವುದು, ಆಮೇಲೆ ಎದೆಯಲ್ಲಿ ಸುಯ್ ಸುಯ್ ಎಂಬ ಸದ್ದು. ಧರ್ಮಪುರಿಯ ಡಾಕ್ಟರು ನೋಡಿ ಇದು ಬೆಕ್ಕಿನ ಅಲರ್ಜಿ, ಬೆಕ್ಕು ಮನೆಯೊಳಗೆ ಇರಬಾರದು ಎಂದು ಹೇಳಿ, ಬಾಯಲ್ಲಿಟ್ಟು ಎಳೆದುಕೊಳ್ಳುವ ಪಂಪು ಕೊಟ್ಟರು. ನಾನು ಅಂದೇ ಬೆಕ್ಕನ್ನು ಬುಟ್ಟಿಯಲ್ಲಿ ಮುಚ್ಚಿ ಗಾಡಿಗೆ ಕಟ್ಟಿಕೊಂಡು ಹೋಗಿ, ನಲ್ಲಂಪಳ್ಳಿಯಲ್ಲಿ ಸ್ನೇಹಿತನ ಹಿಟ್ಟಿನ ಗಿರಣಿಯಲ್ಲಿ ಬಿಟ್ಟು ಬಂದೆ. ಮಗಳು ನನ್ನ ಹತ್ತಿರ ಮಾತು ಬಿಟ್ಟಳು.

ಬೆಕ್ಕು ಹೋಯಿತು, ಸುಯ್ಗುಟ್ಟುವುದು ಹೋಗಲಿಲ್ಲ. ಇನ್ನೂ ಹೆಚ್ಚಾಯಿತು. ನಮ್ಮ ಜನದಲ್ಲಿ ಹುಟ್ಟಿದ ಮಗುವನ್ನು ಮಲಗಿಸುವುದು ಕಂಬಳಿಯ ಮೇಲೆ, ಮದುವೆಗೆ ಕೂರಿಸುವುದು ಕಂಬಳಿಯ ಮೇಲೆ, ಸತ್ತವರಿಗೆ ಹೊದಿಸುವುದೂ ಕಂಬಳಿಯನ್ನೇ. ಶೀತವಾದರೂ ಜ್ವರ ಬಂದರೂ ಮೊದಲ ಮದ್ದು ಅದೇ. ಹಾಗಾಗಿ ಮಗು ಉಸಿರಿಗೆ ಒದ್ದಾಡಿದಾಗಲೆಲ್ಲ ಅವಳ ಅವ್ವ ಪಂಪು ಕೊಟ್ಟು, ತಾತನ ಕಂಬಳಿಯನ್ನು ಕುತ್ತಿಗೆವರೆಗೂ ಹೊದಿಸುತ್ತಿದ್ದಳು. ಸಾಲದೆಂದು ನಾನು ಇನ್ನೊಂದು ಸುತ್ತು ಸುತ್ತುತ್ತಿದ್ದೆ. ಒಂದು ಬೆಳಿಗ್ಗೆ ಮಗುವಿನ ತುಟಿ ನೀಲಿಗಟ್ಟಿತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಆ ದಾರಿ ನೆನೆಸಿಕೊಂಡರೆ ಇವತ್ತಿಗೂ...

ಆಸ್ಪತ್ರೆಯಿಂದ ಬಂದ ಮೇಲೆ ಮಾವನದು ಒಂದೇ ಕೆಲಸ. ಮಗು ಎಲ್ಲಿ ಕೂತರೆ ಅದರ ಎದುರಿಗೆ ಕೂತು ನೋಡುವುದು. ಶಾಲೆಯವರೆಗೂ ಕೋಲೂರಿಕೊಂಡು ಹೋಗಿ ಬೇಲಿಯಾಚೆಯಿಂದ ನೋಡುವುದು. ನಾಲ್ಕು ದಿನ ಇದೇ ಆಯಿತು. ನನಗೆ ರೇಗಿತು.

“ಏನ್ ಮಾವ, ಸುಮ್ನೆ ನೋಡ್ತಾ ಕೂತ್ರೆ ವಾಸಿಯಾಗ್ಬುಡ್ತೈತಾ?” ಅಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. “ಮಂದೇಲಿ ಒಂದು ಕುರಿ ಕೆಮ್ಮಿದ್ರೆ ಕುರೀನೊಂದೇ ನೋಡಿದ್ರೆ ಆಗಲ್ಲಪ್ಪಾ. ಎಲ್ಲಿ ಮಲ್ಗಿ ಎದ್ದು ಬಂತು ಅಂತ ನೋಡ್ಬೇಕು. ಮಗು ಇಸ್ಕೂಲ್ನಾಗೆ ಚೆನ್ನಾಗವಳೆ. ನಿನ್ ಅಂಗ್ಡೀಲೂ ಚೆನ್ನಾಗವಳೆ. ಮನೇಗ್ ಬಂದು ಕಂಬ್ಳಿ ಒದ್ದು ಮಲ್ಗಿದ್ರೆ ತಾನೆ ಸುರುವಾಗ್ತೈತೆ?”

ಮರುದಿನ ಮಗು ಶಾಲೆಗೆ ಹೋದ ಮೇಲೆ ಕಂಬಳಿಯನ್ನು ಅಂಗಳಕ್ಕೆ ಒಯ್ದು ಬಿಸಿಲಿಗೆ ಎದುರಾಗಿ ಹಗ್ಗದ ಮೇಲೆ ಹಾಕಿದರು. ನನ್ನನ್ನು ಕರೆದು ನಿಲ್ಲಿಸಿಕೊಂಡು, ಕೋಲಿನಿಂದ ಒಂದೇ ಒಂದು ಸಲ ತಟ್ಟಿದರು. ಎಳೆಬಿಸಿಲಿನಲ್ಲಿ ಸಣ್ಣ ಸಣ್ಣ ಬಿಳಿ ಕೂದಲು, ಹೊಟ್ಟು, ದೂಳು ಎದ್ದು ತೇಲಿತು. ಎರಡು ವರ್ಷ ಆ ಬೆಕ್ಕು ಹಗಲೆಲ್ಲ ಮಲಗಿದ್ದು ಮೂಲೆಯ ಆ ಕಂಬಳಿಯ ಮೇಲೆ. ನಾವು ಮಗುವಿಗೆ ಹೊದಿಸಿದ್ದು ಅದನ್ನೇ.

“ಬೆಕ್ಕು ನಲ್ಲಂಪಳ್ಳೀಲಿ ಐತೆ ಅಂತಿದ್ಯಲ್ಲ. ಅರ್ಧ ಬೆಕ್ಕು ಇಲ್ಲೇ ಐತೆ ನೋಡು” ಎಂದರು. ನಗಿಸಲು ಹೇಳಿದ ಮಾತು. ಹೇಳಿ, ಕಂಬಳಿಯನ್ನು ಮಡಿಸತೊಡಗಿದರು.

ಹೆಂಡತಿ ಓಡಿ ಬಂದಳು. “ನಾನು ಒಗ್ದು ಒಣಗಾಕ್ತೀನಿ ಬುಡಪ್ಪಾ. ಅಜ್ಜಿ ನೂತಿದ್ದು.”

“ಉಣ್ಣೇಲಿ ಓಗಿ ಕೂತಿದ್ದು ಸುಲಭಕ್ಕೆ ಬರಲ್ಲ ಕಣವ್ವಾ. ಬಂತೋ ಇಲ್ವೋ ಅಂತ ಮಗೀನ ಉಸುರ್ನಾಗಾ ನೋಡೋದು?”

ಅವತ್ತೇ ಮೆಟ್ಟೂರು ಬಸ್ಸು ಹತ್ತಿ ಕೊಳತ್ತೂರಿಗೆ ಹೋಗಿ, ಕಂಬಳಿಯನ್ನು ತಮ್ಮನ ಮಂದೆಯಲ್ಲಿ ಬಿಟ್ಟು ಸಂಜೆಗೆ ವಾಪಸು ಬಂದರು. ಹೆಗಲ ಮೇಲೆ ಒಂದು ಹತ್ತಿ ಟವಲು. ಬಸ್ ಸ್ಟಾಪಿನ ಟೀ ಅಂಗಡಿಯವನು ಬಿಡುತ್ತಾನೆಯೇ, “ಏನ್ ಮಾಮಾ, ಕಂಬಳಿ ಓಗಿ ಟವಲ್ ಬಂದೈತೆ? ಯಾವ ಪಾರ್ಟಿಗೆ ಸೇರಿದ್ರಿ?” ಎಂದು ಕಿಚಾಯಿಸಿದ.

“ಮೊಮ್ಮಗಳ ಪಾರ್ಟಿಗೆ” ಎಂದರು ಮಾವ.

ಆಮೇಲೆ ಎಷ್ಟೋ ತಿಂಗಳು, ನಡೆಯುವಾಗ ಅವರ ಬಲಗೈ ಎಡ ಹೆಗಲಿಗೆ ಹೋಗುವುದು, ಇಲ್ಲದ ಕಂಬಳಿಯನ್ನು ಸರಿಮಾಡಿ ಇಳಿಯುವುದು. ಮಾರ್ಗಶಿರದ ಚಳಿಯಲ್ಲಿ ಎರಡು ದುಪ್ಪಟಿ ಹೊದ್ದು ಮುದುರಿಕೊಳ್ಳುತ್ತಿದ್ದರು. ಒಂದು ದಿನವೂ ಕಂಬಳಿಯ ಮಾತು ಎತ್ತಲಿಲ್ಲ.

ಮಗಳ ಉಸಿರು ನಿಧಾನವಾಗಿ ಹತೋಟಿಗೆ ಬಂತು. ಆಗ ಮಾವ ಇನ್ನೊಂದು ಹಟ ಹಿಡಿದರು, ಬೆಕ್ಕು ಬರಬೇಕು ಎಂದು. “ಉಸುರು ಕೊಟ್ಟು ಮನಸು ಕಿತ್ಕಂಡ್ರೆ ಎಂಗಪ್ಪಾ” ಎಂದರು. ಡಾಕ್ಟರ ಹತ್ತಿರ ನನ್ನನ್ನು ಎಳೆದುಕೊಂಡು ಹೋಗಿ ತಾವೇ ಕೇಳಿದರು. ಮನೆಯೊಳಗೆ ಬೇಡವೇ ಬೇಡ, ಮೈಗೆ ಅಂಟಿಸಿಕೊಳ್ಳಬಾರದು, ಪಂಪು ನಿಲ್ಲಿಸಬಾರದು ಎಂದರು ಅವರು. ನಾನು ಗಿರಣಿಗೆ ಹೋಗಿ, ಹಿಟ್ಟು ಮೆತ್ತಿಕೊಂಡು ಇನ್ನಷ್ಟು ಬಿಳಿಯಾಗಿದ್ದ ಬೆಕ್ಕನ್ನು ತಂದೆ. ಅದಕ್ಕೆ ನನ್ನ ಅಂಗಡಿಯ ಟಾರ್ಪಾಲು ಅಟ್ಟಿಯೇ ಮನೆಯಾಯಿತು. ಮಗಳು ಸಂಜೆ ಬಂದು ದೂರದಿಂದ ಮೀನಿನ ತಲೆ ಹಾಕುವಳು, ಕೈಕಾಲು ಮುಖ ತೊಳೆಯುವಳು, ಲಂಗ ಬದಲಾಯಿಸಿ ಮನೆಯೊಳಗೆ ಹೋಗುವಳು. ಬೆಕ್ಕನ್ನೋ ಕುರಿಯನ್ನೋ ಮುಟ್ಟಿದವರು ಯಾರೇ ಆದರೂ ಅಂಗಿ ಬದಲಾಯಿಸದೆ ಹೊಸಿಲು ದಾಟಬಾರದು. ಡಾಕ್ಟರು ಹೇಳಿದ್ದು ಬೆಕ್ಕಿಗೆ ಮಾತ್ರ, ಕುರಿಯನ್ನೂ ಸೇರಿಸಿದ ಈ ಕಟ್ಟಳೆ ಮಾವನದು. ತಾವೇ ತಮ್ಮನ ಮಂದೆ ನೋಡಿಕೊಂಡು ಬಂದ ದಿನ, ಓಡಿ ಬರುವ ಮೊಮ್ಮಗಳಿಗೆ ದೂರದಿಂದಲೇ ಕೈ ಅಡ್ಡ ಹಿಡಿದು “ನಿಲ್ಲವ್ವಾ, ಬಂದೆ” ಎಂದು ಹಿತ್ತಲಿಗೆ ಹೋಗಿ ಸ್ನಾನ ಮಾಡುತ್ತಿದ್ದರು.

ಮಾವ ತೀರಿಕೊಂಡು ಮೂರು ವರ್ಷವಾಯಿತು. ಅವತ್ತು ಅವರ ತಮ್ಮ ಕೊಳತ್ತೂರಿನಿಂದ ಅದೇ ಕರಿ ಕಂಬಳಿಯನ್ನು ತಂದಿದ್ದರು, ಪದ್ಧತಿಯಂತೆ ಹೊದಿಸಲು. ಬಿಚ್ಚುವಷ್ಟರಲ್ಲಿ ನನ್ನ ಹೆಂಡತಿ ಅಡ್ಡ ನಿಂತಳು. ಹಾಸಿಗೆ ಹಿಡಿದಾಗಲೇ ಅಪ್ಪ ಅವಳಿಗೆ ಹೇಳಿದ್ದರಂತೆ: “ನನ್ ಮ್ಯಾಲೆ ಕಂಬ್ಳಿ ಆಕ್ಬ್ಯಾಡ್ರಿ. ಮಗು ದೂರ ನಿಂತು ಅಳ್ಬೇಕಾಯ್ತದೆ.”

ಹಿರಿಯರು ಗೊಣಗಿದರು. ನಾನು ಯಾರ ಮುಖವನ್ನೂ ನೋಡದೆ ಬೀರುವಿನಿಂದ ಹೊಸ ಹತ್ತಿ ಪಂಚೆ ತಂದು ಹೊದಿಸಿದೆ. ಕಂಬಳಿಯನ್ನು ಅವರ ತಮ್ಮ ಕಂಕುಳಲ್ಲಿ ಇಟ್ಟುಕೊಂಡು ಬೀದಿಗೆ ಹೋಗಿ ನಿಂತರು. ಆಮೇಲೆ ಮಗಳು ಬಂದು, ತಾತನ ಎದೆಯ ಮೇಲೆ ಮುಖವಿಟ್ಟು, ಸಾಕಾಗುವಷ್ಟು ಅತ್ತಳು.

...ಟೀ ಮುಗಿಸಿ ಬಂದ ಕುರಿಯವನು ಬೇಲಿಯ ಮೇಲಿನ ಕಂಬಳಿಗೆ ಕೈ ಚಾಚಿದ. ಅಷ್ಟು ಹೊತ್ತಿಗೆ ನಾನು ಅದರ ಅಂಚು ಹಿಡಿದು ನಿಂತಿದ್ದೆ. “ಏನಣ್ಣಾ, ಬೇಕಾ?” ಎಂದು ಕೇಳಿದ. ಬೇಡ ಎಂದೆ. ಮಂದೆ ಘಾಟಿಯ ಕಡೆ ಹೋಯಿತು, ವಾಸನೆಯೂ ಹೋಯಿತು.

ಅಂಗಡಿಯ ಹಿಂದಿನ ತೊಟ್ಟಿಯಲ್ಲಿ ಕೈ ಮುಖ ತೊಳೆದೆ. ಗೂಟದಲ್ಲಿ ಸದಾ ಇರುವ ಬೇರೆ ಅಂಗಿ ಹಾಕಿಕೊಂಡೆ. ಸರಿಯಾಗಿ ತೊಳೆದೆನೋ ಇಲ್ಲವೋ ಎಂದು ನೋಡುವವರು ಈಗ ಇಲ್ಲ. ಮತ್ತೊಂದು ಸಲ ತೊಳೆದುಕೊಂಡು ಮನೆಗೆ ಹೋದೆ.