ಒಣಹುಲ್ಲು ಇಟ್ಟು ನೋಡಿದ ಬೇಲಿ

ಬೆಳಿಗ್ಗೆ ಟಾರ್ಚಿನ ಕಿತ್ತುಹೋದ ವೈರಿಗೆ ಬೆಸುಗೆ ಹಾಕುತ್ತ ಕೂತಿದ್ದೆ. ರಾಳದ ಹೊಗೆ ನಡುಮನೆ ದಾಟಿರಬೇಕು, ಜಗಲಿಯಿಂದ ಅತ್ತೆಯ ದನಿ ಬಂತು: "ಇವತ್ತು ಸುಕ್ರವಾರವೂ ಅಲ್ಲ, ಯಾರವ್ವ ಸಾಂಬ್ರಾಣಿ ಆಕಿದ್ದು?" ಅವರಿಗದು ಸಾಂಬ್ರಾಣಿ. ನನಗೆ ಮಾತ್ರ ಹುಣಸೂರು ಬಸ್ ನಿಲ್ದಾಣದ ಹಿಂದಿನ ಓಣಿ, ಅಲ್ಲಿನ ಜಯಣ್ಣನವರ ರಿಪೇರಿ ಅಂಗಡಿ. ಅಲ್ಲಿಗೆ ಮೊದಲ ಸಲ ಹೋದ ಕತೆ ಹೇಳುತ್ತೇನೆ, ಕೇಳಿ. ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ, ಹೋಗಲಿ.

ನಾನು ಸಾಲಿಗ್ರಾಮದ ಕಡೆಯವಳು. ನಮ್ಮದು ನಾಲೆ ನೀರಿನ ಗದ್ದೆ. ಅಲ್ಲಿ ಬೆಳೆಗೆ ಬಾಯಿ ಹಾಕುವುದೆಂದರೆ ಇಲಿ, ಹೆಚ್ಚೆಂದರೆ ಪಕ್ಕದ ಮನೆಯ ಎಮ್ಮೆ. ಮದುವೆಯಾಗಿ ಬಂದದ್ದು ವೀರನಹೊಸಹಳ್ಳಿಗೆ. ಇಲ್ಲಿ ಬರುವುದು ಆನೆ. ಮನೆಗಂಟಿದ ಹೊಲದ ಸುತ್ತ ಸೋಲಾರ್ ಬೇಲಿ. ಅದಕ್ಕೆ ಕರೆಂಟು ಕೊಡುವ ಪೆಟ್ಟಿಗೆ ಜಗಲಿಯ ಮೂಲೆಯಲ್ಲಿ ಟಕ್, ಟಕ್ ಎನ್ನುತ್ತ ಕೂತಿರುತ್ತಿತ್ತು. ಪ್ರತಿ ಸಂಜೆ ಅತ್ತೆ ಹಸಿ ಗರಿಕೆಯ ಎಳೆಯೊಂದನ್ನು ಕಿತ್ತು ತಂತಿಗೆ ಮುಟ್ಟಿಸುತ್ತಿದ್ದರು. ಬೆರಳಿಗೆ ಇರುವೆ ಕಚ್ಚಿದಂತಾದರೆ ಬೇಲಿ ನೆಟ್ಟಗಿದೆ ಎಂದು ಲೆಕ್ಕ.

ಆ ವರ್ಷ ರಾಗಿ ಹಾಲುತೆನೆಗೆ ಬಂದಿತ್ತು. ಹಿಂದಿನ ವರ್ಷ ಆನೆಗಳು ಒಂದು ತೆನೆಯನ್ನೂ ಬಿಟ್ಟಿರಲಿಲ್ಲವಂತೆ. "ಈ ಸಲಾನೂ ಓದ್ರೆ ಒಲವ ವಾರಕ್ಕೆ ಕೊಟ್ಬುಡದೇಯ," ಎಂದು ಅತ್ತೆ ಹೇಳುತ್ತಿದ್ದರು. ಈ ಮನೆಗೆ ಬಂದಂದಿನಿಂದ ಅವರ ಕೈ ಆಡಿದ ಹೊಲ ಅದು, ಪಾಲಿಗೆಂದು ಬೇರೆಯವರ ಕೈಗೆ ಹೋಗಬೇಕು. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಒಂದು ಸಂಜೆ ಬೇಲಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಕರೆಂಟೆಂದರೆ ನನಗೆ ಜೀವಭಯ. ಮೆದೆಯಿಂದ ಎಲ್ಲಕ್ಕಿಂತ ಉದ್ದದ, ಎಲ್ಲಕ್ಕಿಂತ ಒಣಗಿದ ಹುಲ್ಲನ್ನು ಹುಡುಕಿ, ಮಾರು ದೂರದಿಂದ, ಕಣ್ಣು ಮುಚ್ಚಿ ಮುಟ್ಟಿಸಿದೆ. ಏನೂ ಆಗಲಿಲ್ಲ. "ಅತ್ತೆ, ಬೇಲಿ ಸತ್ತೋಗದೆ," ಎಂದು ಓಡಿಬಂದೆ. ಅತ್ತೆ ಪೆಟ್ಟಿಗೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಅಂಗಾರೆ ಬೆಳಿಗ್ಗೆ ನೀನೇ ಉಣಸೂರ್ಗೆ ತಕಂಡೋಗವ್ವ. ಒತ್ತು ಮುಳುಗಾಕ್ ಮುಂಚೆ ಬಂದ್ಬುಡು," ಎಂದರು. ನನ್ನ ಗಂಡ ಆಗ ಪಿರಿಯಾಪಟ್ಟಣದಲ್ಲಿ, ಅವರಕ್ಕನ ಮನೆಯ ತಂಬಾಕು ಒಣಗಿಸುವ ಬ್ಯಾರನ್ ಕಾಯುತ್ತಿದ್ದರು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆರು ತಿಂಗಳ ಮೇಲೆ ಊರು ಬಿಟ್ಟು ಹೊರಟ ಖುಷಿ. ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೊರಗೆ ನೋಡುತ್ತ ಕೂತೆ. ಒಂದು ಹಂಪಿನಲ್ಲಿ ಅದು ದೊಪ್ಪನೆ ಕೆಳಗೆ ಬಿತ್ತು. ಹೇಗೂ ಕೆಟ್ಟಿದೆಯಲ್ಲ, ಇನ್ನೇನು ಕೆಡುತ್ತದೆ ಎಂದು ಎತ್ತಿಟ್ಟುಕೊಂಡೆ.

ಜಯಣ್ಣ ಯಾವ ಸಾಮಾನನ್ನೂ ಅದರ ಪೂರ್ವೋತ್ತರ ಕೇಳದೆ ಬಿಚ್ಚುವವರಲ್ಲ.

"ಕರೆಂಟಿಲ್ಲ ಅಂತ ಎಂಗ್ ನೋಡುದ್ರಿ?"

"ಹುಲ್ಲಿಟ್ಟು ನೋಡ್ದೆ ಕಣಣ್ಣ."

"ಅಸೀದೋ, ಒಣಗಿದ್ದೋ?"

"ಒಣಗಿದ್ದು."

"ಪೆಟ್ಗೆ ಟಕ್ ಟಕ್ ಅಂತಿತ್ತಾ?"

"ಅಂತಿತ್ತು."

"ಅಂಗಾರೆ ಏನೂ ಆಗಿರ್ನಿಲ್ಲ ಬುಡವ್ವ. ಒಣುಲ್ಲಲ್ಲಿ ಕರೆಂಟೆಲ್ಲಿ ಅರೀತದೆ?" ಎನ್ನುತ್ತಲೇ ಬ್ಯಾಟರಿಗೆ ಜೋಡಿಸಿದರು. ಪೆಟ್ಟಿಗೆ ಮಾತಾಡಲಿಲ್ಲ. ಬಿಚ್ಚಿದರೆ, ಒಳಗಿನ ಭಾರದ ಟ್ರಾನ್ಸ್‌ಫಾರ್ಮರ್ ಕಳಚಿ ಐಸಿ ಎಂಬ ಪುಟ್ಟ ಕಪ್ಪು ಚಿಪ್ಪಿನ ಮೇಲೆ ಬಿದ್ದು ಅದರ ಕಾಲು ಬುಡಕ್ಕೇ ಮುರಿದಿತ್ತು. "ಅಳೇ ಮುರಿತ ಕಪ್ಗಿರ್ತದೆ. ಇದು ಫಳಫಳ ಅಂತದೆ, ಇವತ್ತಿಂದೇಯ," ಎಂದರು. ತಂತಿಗೆ ಕರೆಂಟಿನ ಏಟು ಯಾವಾಗ ಬೀಳಬೇಕೆಂದು ಲೆಕ್ಕ ಇಡುವ ಐಸಿ ಅದು. ಮಾಡುವುದನ್ನೇ ನಿಲ್ಲಿಸಿದ್ದಾರಂತೆ, ಮೈಸೂರಿಗೆ ಹೋದರೂ ಸಿಗುವುದಿಲ್ಲವಂತೆ.

ನೀವೇ ಹೇಳಿ, ನೆಟ್ಟಗಿದ್ದವರನ್ನು ಆಸ್ಪತ್ರೆಗೆ ಕರೆದೊಯ್ದು ದಾರಿಯಲ್ಲಿ ಕಾಲು ಮುರಿದವರುಂಟೇ? ಅತ್ತೆಯ ಹೊಲ ನನ್ನಿಂದ ಹೋಯಿತೆಂದು ಅಂಗಡಿಯಲ್ಲೇ ಅತ್ತುಬಿಟ್ಟೆ. ಜಯಣ್ಣ ಟೀ ತರಿಸಿಕೊಟ್ಟು, ಹಳೇ ಸಾಮಾನು ತುಂಬಿದ ಬಿಸ್ಕತ್ತಿನ ಡಬ್ಬಿಗಳನ್ನು ಒಂದೊಂದಾಗಿ ನೆಲಕ್ಕೆ ಸುರಿದರು. ಮೂರನೆಯದರಲ್ಲಿ ಮದುವೆ ಚಪ್ಪರದ ಸೀರಿಯಲ್ ಲೈಟಿನ ಡಬ್ಬಿಯೊಂದು ಸಿಕ್ಕಿತು. "ದೀಪ ಮಿಣ್ ಮಿಣ್ ಅನ್ಸಾಕೂ ಇದ್ರಲ್ಲೊಂದು ಲೆಕ್ಕ ಐತೆ. ತಾಳ ವಸಿ ಯತ್ವಾಸ ಆಯ್ತದೆ, ಏಟು ಮಾತ್ರ ಅದೇಯ." ಅದರ ಬಿಡಿಭಾಗ ತೆಗೆದು ಇದಕ್ಕೆ ಕೂರಿಸಲು ಎರಡು ಗಂಟೆ ಹಿಡಿಯಿತು. ನನ್ನ ಅಳು ನಿಲ್ಲಲೆಂದೋ ಏನೋ, ಬೆಸುಗೆಯ ಸೀಸದ ತಂತಿ ಹಿಡಿಯುವ ಕೆಲಸ ನನಗೆ ಕೊಟ್ಟರು. ರಾಳದ ವಾಸನೆಯೂ ಬೆಸುಗೆಯ ಹುಚ್ಚೂ ನನಗೆ ಅಂಟಿಕೊಂಡದ್ದು ಆಗಲೇ.

ಹೊತ್ತು ಮುಳುಗುವ ಮುಂಚೆ ಮನೆ ಸೇರಿದೆ. ಪೆಟ್ಟಿಗೆ ಟಕ್‌ಟಕ್, ಟಕ್, ಟಕ್‌ಟಕ್ ಎನ್ನತೊಡಗಿತು. "ಇದೇನವ್ವ, ಓಲಗದೋರು ಬಂದಂಗೈತೆ," ಎಂದ ಅತ್ತೆ ಹಸಿ ಗರಿಕೆಯೊಂದನ್ನು ಕಿತ್ತು ನನ್ನ ಕೈಗೇ ಕೊಟ್ಟರು. ಮುಟ್ಟಿಸಿದೆ. ಚುರುಕ್ ಎಂದಿತು. ಆ ವಾರ ಎರಡು ಸಲ ಆನೆಗಳು ಬೇಲಿಯವರೆಗೆ ಬಂದು ಹಿಂದಿರುಗಿದವು. ರಾಗಿ ಕಣ ಸೇರಿತು. ಹೊಲ ಇಂದಿಗೂ ನಮ್ಮ ಕೈಯಲ್ಲೇ ಇದೆ.

ಬಸ್ಸಿನಲ್ಲಿ ಬೀಳಿಸಿದ್ದನ್ನು ಮಾತ್ರ ನಾನು ಬಾಯಿ ಬಿಟ್ಟಿರಲಿಲ್ಲ. ಇವತ್ತು ಅದೇನು ಧೈರ್ಯ ಬಂತೋ, ಜಗಲಿಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಪೆಟ್ಟಿಗೆ ಅಂದು ಸರಿಯಾಗಿಯೇ ಇತ್ತು ಎಂದೂ ಹೇಳಿದೆ.

ಅತ್ತೆ ಎಲೆಗೆ ಸುಣ್ಣ ಸವರುತ್ತಲೇ ಹೇಳಿದರು: "ಗೊತ್ತು ಕಣವ್ವ. ಟಕ್ ಟಕ್ ಅನ್ನದು ನಂಗೇನ್ ಕೇಳ್ತಿರ್ನಿಲ್ವಾ? ಬಂದು ಆರ್ ತಿಂಗ್ಳಾಗಿತ್ತು, ಒಂದ್ ಕಿತ ಒರಗ್ ಓಗಿರ್ನಿಲ್ಲ ನೀನು. ಪ್ಯಾಟೆ ನೋಡ್ಕಂಡ್ ಬರ್ಲಿ ಅಂತ ಕಳ್ಸ್ದೆ."

ನಾನು ಅಲ್ಲೇ ಅವರ ಪಕ್ಕ ಕೂತುಬಿಟ್ಟೆ. ಇಷ್ಟು ವರ್ಷ ಜೊತೆಗಿದ್ದೂ ಆ ಹೆಂಗಸಿನ ಮೇಲೆ ಅಷ್ಟೊಂದು ಪ್ರೀತಿ ಒಮ್ಮೆಗೇ ಉಕ್ಕಿದ್ದಿಲ್ಲ. ಮಂಡಿನೋವೆಂದು ಅವರು ಊರು ದಾಟಿ ವರ್ಷವಾಗಿದೆ. ನಾಳೆ ನಾವಿಬ್ಬರೂ ಹುಣಸೂರಿಗೆ ಹೋಗುತ್ತಿದ್ದೇವೆ. ಮನೆಯಲ್ಲಿ ಕೆಟ್ಟ ಸಾಮಾನು ಯಾವುದೂ ಇಲ್ಲ.