‘ಆಗ್ಲಿ’ ಮಾವ ಮತ್ತು ನಲವತ್ತು ಎಕರೆ

ನನ್ನ ಸೋದರಮಾವ ಜಿಲ್ಲಾ ಮಂಡಳಿಯ ಸದಸ್ಯನಾಗಿ ಆಗ ಇಪ್ಪತ್ತೊಂದು ವರ್ಷವಾಗಿತ್ತು. ಅಷ್ಟೂ ವರ್ಷ ಅವನು ಸಭೆಯಲ್ಲಿ ಆಡಿದ್ದು ಒಂದೇ ಮಾತು: “ಆಗ್ಲಿ.” ಊರಿನವರು ಅವನಿಗೆ ಅದನ್ನೇ ಹೆಸರಾಗಿಟ್ಟಿದ್ದರು. ಎದುರಿಗೇ ಹಾಗೆ ಕರೆದರೂ ಅವನಿಗೆ ಬೇಸರವಾಗುತ್ತಿರಲಿಲ್ಲ. ಬೇಸರಪಡುವುದಕ್ಕೂ ಒಂದು ಅಭಿಪ್ರಾಯ ಅಂತ ಇರಬೇಕಲ್ಲ.

ಅವನದು ಹಾಸಿಗೆ ಅಂಗಡಿ. ಗಟ್ಟಿ ಹಾಸಿಗೆಯೇ ಬೆನ್ನಿಗೆ ಒಳ್ಳೆಯದು ಎಂದ ಗಿರಾಕಿಗೆ ಹೌದೌದು ಎನ್ನುತ್ತಿದ್ದ. ಅವರು ಮೆಟ್ಟಿಲಿಳಿಯುವ ಮುಂಚೆಯೇ, ಮೆತ್ತನೆಯದೇ ಒಳ್ಳೆಯದು ಎಂದ ಇನ್ನೊಬ್ಬರಿಗೂ ಹೌದೌದು. ಯಾರ ಜೊತೆಗೂ ಜಗಳವಿಲ್ಲದ ಮನುಷ್ಯ ಎಂಬ ಒಂದೇ ಕಾರಣಕ್ಕೆ ಜನ ಅವನನ್ನು ಆರಿಸಿ ಕಳಿಸಿದ್ದರು. ಜಗಳವಾಡಲಿಕ್ಕೆಂದೇ ಅಲ್ಲಿಗೆ ಒಬ್ಬರನ್ನು ಕಳಿಸಬೇಕಾಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಸಭಾಂಗಣದಲ್ಲಿ ಕುದುರೆ ಲಾಳದ ಆಕಾರದ ಮೇಜು, ಒಂಬತ್ತು ಕುರ್ಚಿ, ಒಂಬತ್ತು ಮೈಕು. ಗುಂಡಿ ಒತ್ತಿದರೆ ಮೈಕಿನ ಕುತ್ತಿಗೆಯಲ್ಲಿ ಕೆಂಪು ದೀಪ ಹತ್ತುತ್ತದೆ. ಮಾವನ ದೀಪ ಸರಿಯಿದೆಯೋ ಕೆಟ್ಟಿದೆಯೋ ಕಚೇರಿಯ ಎಲೆಕ್ಟ್ರಿಷಿಯನ್‌ಗೂ ಗೊತ್ತಿರಲಿಲ್ಲ. ಸಭೆಗೆ ಮೂರು ದಿನ ಮುಂಚೆ ಮನೆಗೆ ಬರುವ ಕಾಗದದ ಕಟ್ಟನ್ನು ಅವನು ಬಿಚ್ಚಿ ನೋಡಿದವನೇ ಅಲ್ಲ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಮಂಚವೊಂದರ ಕಾಲು ಗಿಡ್ಡವಾಗಿತ್ತು. ಎರಡು ವರ್ಷದ ಕಟ್ಟುಗಳು ಅದರಡಿ ಸೇರಿ ಮಂಚವನ್ನು ಸಮ ಮಾಡಿದ್ದವು. ಆ ಕಾಗದಗಳಿಂದ ಊರಿಗೆ ಆದ ಉಪಕಾರ ಅದೊಂದೇ.

ಬೇಸಿಗೆಗೆ ಮುಂಚಿನ ಒಂದು ಸಭೆಯಲ್ಲಿ ಮೂರು ವಿಷಯಗಳಿದ್ದವು. ಸಾರ್ವಜನಿಕ ಸುರಕ್ಷತೆ ಎಂಬ ತಲೆಬರಹದಡಿ, ನಮ್ಮೂರಿನ ಅಗ್ನಿಶಾಮಕ ವಾಹನವನ್ನು ಮೂವತ್ತು ಮೈಲಿ ದೂರದ ಕೇಂದ್ರಕ್ಕೆ ಸಾಗಿಸುವುದು. ಮಾವ ‘ಆಗ್ಲಿ’ ಎಂದ. ಎರಡನೆಯದು ಮಂಡಳಿಯ ಸಮೀಕ್ಷೆ. ಜನರ ಅಗತ್ಯಗಳೇನು ಎಂದು ಮನೆಮನೆ ತಿರುಗಿ ಕೇಳಿದ್ದಕ್ಕೆ ಎಲ್ಲರೂ ಒಬ್ಬ ಡಾಕ್ಟರು, ಒಂದು ಬಸ್ಸು ಬೇಕು ಎಂದಿದ್ದರು. ಅದನ್ನು ಬಣ್ಣದ ಪುಸ್ತಕವಾಗಿ ಅಚ್ಚು ಹಾಕಿಸಲು ಮಂಡಳಿ ಒಪ್ಪಿತು. ಡಾಕ್ಟರೂ ಬಸ್ಸೂ ಬರುವ ಮಾತು ಅಲ್ಲಿಗೇ ಮುಗಿಯಿತು. ಮಾವ ಅದಕ್ಕೂ ‘ಆಗ್ಲಿ’ ಎಂದ. ಮೂರನೆಯದು, ಬೇಸಾಯಕ್ಕೇ ಮೀಸಲೆಂದು ಕಾಯ್ದಿಟ್ಟ ಭೂಮಿಯ ಪಟ್ಟಿಯಿಂದ ನಲವತ್ತು ಎಕರೆ ಕೈಬಿಡುವುದು. ಅದರಾಚೆ ಗೋದಾಮು ಕಟ್ಟುವವರಿಗೆ ಆ ಭೂಮಿಯ ಮೇಲೆ ಲಾರಿ ಹೋಗುವ ರಸ್ತೆ ಬೇಕಿತ್ತು. ಅದಕ್ಕೂ ಆಗ್ಲಿ. ಆಮೇಲೆ ಚಹಾ ಕುಡಿದು ಮನೆಗೆ ಬಂದ.

ಆ ನಲವತ್ತರಲ್ಲಿ ಹನ್ನೊಂದು ಎಕರೆ ನನ್ನ ಅಮ್ಮನದು. ಅಮ್ಮ ಎಂದರೆ ಅವನ ಒಡಹುಟ್ಟಿದ ಅಕ್ಕ, ಅವನಿಗಿಂತ ಆರು ವರ್ಷ ದೊಡ್ಡವಳು. ಅಜ್ಜ ಹೋದಾಗ ಅಂಗಡಿ ಅವನಿಗೆ, ಹೊಲ ಅವಳಿಗೆ ಎಂದಾಗಿತ್ತು. ಅಮ್ಮ ಅಲ್ಲಿ ಗಜ್ಜರಿ, ಈರುಳ್ಳಿ, ಹೂಕೋಸು ಬೆಳೆಯುತ್ತಿದ್ದಳು. ನೋಟೀಸು ಕೈಸೇರಿದ ದಿನ ಕೆಸರು ಬೂಟಿನಲ್ಲೇ ಹಾಸಿಗೆ ಅಂಗಡಿಗೆ ನುಗ್ಗಿದಳು. ಬೆನ್ನಿಗೆ ನಾನೂ ಹೋದೆ.

“ಇದಕ್ಕೆ ನೀನೂ ಒಪ್ಕೊಂಡ್ಯಾ?”

“ಬರೀ ಸರ್ವೇ ನಂಬರ್ ಇತ್ತಕ್ಕಾ. ನಮ್ಮ ಹೊಲ ಅಂತ ಎಲ್ಲೂ ಬರೆದಿರ್ಲಿಲ್ಲ.”

“ಚಿಕ್ಕೋನಿದ್ದಾಗ ಆ ನಂಬರ್ ಕೆತ್ತಿರೋ ಕಲ್ಲಿನ ಮೇಲಿಂದ ಜಾರಿ ಚಡ್ಡಿ ಹರ್ಕೊಂಡೋನು ನೀನೇ ಅಲ್ವೇನೋ?”

ಮಾವ ದಿಂಬೊಂದನ್ನು ತಟ್ಟುತ್ತ ನಿಂತ. ಇದು ಮೊದಲ ಸುತ್ತು ಮಾತ್ರ, ಮುಂದಿನ ತಿಂಗಳು ಕೊನೆಯ ಮತವಿದೆ, ಆಗ ಎದ್ದು ಮಾತಾಡುತ್ತೇನೆ ಎಂದು ಮಾತು ಕೊಟ್ಟ. ಅಮ್ಮನಿಗೆ ತಮ್ಮನ ಹಣೆಬರಹ ಗೊತ್ತಿತ್ತು. ಮೂರು ಭಾನುವಾರ ಅವನನ್ನು ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ನಾಲ್ಕು ವಾಕ್ಯ ಬರೆದುಕೊಟ್ಟು ಓದಿಸಿದಳು. ಈ ಹೊಲ ನನಗೆ ಗೊತ್ತು. ಇಲ್ಲಿ ಮೊಣಕಾಲುದ್ದ ಅಗೆದರೂ ಕಲ್ಲು ಸಿಗುವುದಿಲ್ಲ. ರಸ್ತೆಯನ್ನು ಪಕ್ಕದ ಜಲ್ಲಿ ಬಯಲಿನಲ್ಲಿ ಒಯ್ಯಬಹುದು. ನಾನು ಒಪ್ಪುವುದಿಲ್ಲ. ಐವತ್ತೆಂಟು ವರ್ಷದ ಗಂಡಸು ಒಂದನೇ ಕ್ಲಾಸಿನ ಹುಡುಗನ ಹಾಗೆ ಬೆರಳಿಟ್ಟು ಓದುತ್ತಿದ್ದ. ಮೂರು ವಾಕ್ಯ ಸಲೀಸಾಗಿ ಬರುತ್ತಿದ್ದವು. ನಾಲ್ಕನೆಯದಕ್ಕೆ ಬಂದಾಗ ನೀರು ಕೇಳುತ್ತಿದ್ದ.

ಕೊನೆಯ ಸಭೆಗೆ ಜನ ತುಂಬಿದ್ದರು. ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ಅಧ್ಯಕ್ಷನಿಗೆ ಕೇಳಿಸಿಕೊಳ್ಳುವುದಕ್ಕಿಂತ ಗಡಿಯಾರ ನೋಡುವುದರಲ್ಲೇ ಹೆಚ್ಚು ಆಸಕ್ತಿ. ಅಮ್ಮ ಮಣ್ಣಿನ ಬಗ್ಗೆ, ನೀರು ಹರಿಯುವ ದಿಕ್ಕಿನ ಬಗ್ಗೆ ಎರಡು ನಿಮಿಷ ಹೇಳಿದಳು. ಆಮೇಲೆ ನಿಲ್ಲಿಸಿ, ಒಂಬತ್ತು ಮುಖಗಳನ್ನೂ ಒಮ್ಮೆ ನೋಡಿದಳು.

“ನಿಮ್ಮಲ್ಲಿ ಆ ಹೊಲದಲ್ಲಿ ಒಂದ್ಸಲನಾದ್ರೂ ಕಾಲಿಟ್ಟೋರು ಕೈ ಎತ್ತಿ.”

ಒಬ್ಬ ಮೂಗು ತುರಿಸಿಕೊಂಡ. ಒಬ್ಬಳು ಲೋಟದ ಮುಚ್ಚಳ ಸರಿಮಾಡಿದಳು. ಆ ಹೊಲದಲ್ಲಿ ಹದಿನೆಂಟು ವರ್ಷ ಆಡಿ ಬೆಳೆದ ನನ್ನ ಸೋದರಮಾವ ತನ್ನ ಹೆಸರಿನ ಫಲಕವನ್ನೇ ಓದುತ್ತ ಕೂತಿದ್ದ. ಕೈ ಮೇಲೇಳಲಿಲ್ಲ.

ಮತಕ್ಕೆ ಬಂದಾಗ ನಾಲ್ಕು ಪರ, ನಾಲ್ಕು ವಿರುದ್ಧ ಆದವು. ಉಳಿದವನು ಮಾವ. ಅವನು ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಕೋಟಿನ ಜೇಬಿನಿಂದ ಅಮ್ಮನ ಚೀಟಿ ತೆಗೆದು ಬಿಡಿಸಿದ, ಕೆಮ್ಮಿದ. ಅಧ್ಯಕ್ಷ ತಲೆ ಎತ್ತಿ, ಏನಾದರೂ ಹೇಳುವುದಿದೆಯೇ ಎಂದು ಕೇಳಿದ, ಅಷ್ಟೇ. ಗದರಲೂ ಇಲ್ಲ, ಹೆದರಿಸಲೂ ಇಲ್ಲ.

“ಆಗ್ಲಿ,” ಎಂದ ಮಾವ.

ಹೊರಗೆ ಮೆಟ್ಟಿಲ ಮೇಲೆ ಅವನು ಓಡುತ್ತ ಬಂದು, ಬೇಕಂತ ಅಂದಿದ್ದಲ್ಲಕ್ಕಾ, ಬಾಯಿಗೆ ಬಂದುಬಿಟ್ಟಿತು ಎಂದು ತೊದಲಿದ. ಅಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಅವನ ಕೋಟಿನ ಕಾಲರ್ ಸರಿಮಾಡಿ, “ಮನೆಗೆ ಹೋಗು” ಎಂದಳು. ನನಗೆ ಅವನ ಮೇಲೆ ಬಂದ ಅಸಹ್ಯ ಆ ದಯೆಯಿಂದ ಇನ್ನಷ್ಟು ಹೆಚ್ಚಿತು.

ನಿಯಮದಲ್ಲಿ ಒಂದು ಸಂದು ಉಳಿದಿತ್ತು. ಒಂದು ತಿಂಗಳೊಳಗೆ ಮೂರು ಸಾವಿರ ಮತದಾರರು ಸಹಿ ಮಾಡಿದರೆ ಮಂಡಳಿ ಆ ತೀರ್ಮಾನವನ್ನು ಮತ್ತೆ ಎತ್ತಿಕೊಳ್ಳಲೇಬೇಕು. ಅಮ್ಮ ಸಹಿ ಪುಸ್ತಕವನ್ನು ಒಯ್ದು ಇಟ್ಟದ್ದು ಎಲ್ಲಿ ಎಂದರೆ ಹಾಸಿಗೆ ಅಂಗಡಿಯ ಕೌಂಟರಿನ ಮೇಲೆ. ಊರಿನ ನಡುವಿನ ಅಂಗಡಿ, ದಿನವಿಡೀ ಜನ. ಬೇಡ ಎನ್ನಲು ಮಾವನಿಗೆ ಬಾಯಿ ಬರಲಿಲ್ಲ; ಈ ಸಲ ಅದು ನಮಗೆ ಲಾಭವಾಯಿತು. ಮೊದಲ ದಿನವೇ ಅಮ್ಮ ಪೆನ್ನನ್ನು ಅವನ ಮುಂದಿಟ್ಟು, ಮಾಡು ಎಂದಳು. ಅವನು ಆಚೀಚೆ ನೋಡಿ, ತಾನೇ ಹಾಕಿದ ಮತದ ವಿರುದ್ಧ ದುಂಡಗೆ ಸಹಿ ಹಾಕಿದ.

ಎರಡನೇ ವಾರದಲ್ಲಿ ಮಧ್ಯಾಹ್ನದ ಬಿಸಿಲಿಗೆ ಊರಂಚಿನ ಬೀಜದ ಉಗ್ರಾಣಕ್ಕೆ ಬೆಂಕಿ ಬಿತ್ತು. ಮೂವತ್ತು ಮೈಲಿ ದೂರದ ಕೇಂದ್ರದಿಂದ ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಐವತ್ತು ನಿಮಿಷವಾಗಿತ್ತು. ಆರಿಸಲು ನಾಲ್ಕು ಗೋಡೆ ಮಾತ್ರ ಉಳಿದಿದ್ದವು. ಉಗ್ರಾಣದವನು ಮಸಿ ಮೆತ್ತಿದ ಕೈಯಲ್ಲೇ ಅಂಗಡಿಗೆ ಬಂದು ಸಹಿ ಮಾಡಿದ. ಮಾವನ ಕಡೆ ಒಮ್ಮೆ ನೋಡಿ ಮೆಟ್ಟಿಲಿಳಿದು ಹೋದ. ಅಲ್ಲಿಯವರೆಗೆ ಹೊಲ ತಮ್ಮದಲ್ಲ ಎಂದು ಸುಮ್ಮನಿದ್ದವರೆಲ್ಲ ಆಮೇಲೆ ಸಾಲುಗಟ್ಟಿದರು. ನಾಲ್ಕು ಸಾವಿರ ದಾಟಿತು.

ಜನ ತಿರುಗಿಬಿದ್ದದ್ದು ತಿಳಿದೊಡನೆ ಅಧ್ಯಕ್ಷನಿಗೆ ಬೇಸಾಯದ ಮೇಲೆ ಪ್ರೀತಿ ಉಕ್ಕಿತು. ನಲವತ್ತು ಎಕರೆಯನ್ನು ಪಟ್ಟಿಗೆ ಮರಳಿಸುವ ಸೂಚನೆಯನ್ನು ಅವನೇ ಮಂಡಿಸಿದ. ಮಣ್ಣು ನಮ್ಮ ತಾಯಿ ಎಂದೂ ಅಂದ. ಒಂಬತ್ತಕ್ಕೆ ಒಂಬತ್ತೂ ಮತ. ರಸ್ತೆ ಜಲ್ಲಿ ಬಯಲಿನ ಪಾಲಾಯಿತು. ಅಗ್ನಿಶಾಮಕ ವಾಹನದ ವಿಚಾರಕ್ಕೆ ಉಪಸಮಿತಿ ಮಾಡಿ, ಅದಕ್ಕೆ ಮಾವನನ್ನೇ ಮುಖ್ಯಸ್ಥನಾಗಿಸಿದರು. ಆ ಸಮಿತಿ ಇವತ್ತಿಗೂ ಒಮ್ಮೆಯೂ ಸೇರಿಲ್ಲ. ವಾಹನವೂ ಬಂದಿಲ್ಲ.

ಮುಂದಿನ ಚುನಾವಣೆಯಲ್ಲಿ ಮಾವ ಮತ್ತೆ ಗೆದ್ದ. ಅಕ್ಕನ ಹೊಲ ಉಳಿಸಿದ್ದು ತಾನೇ ಎಂದು ಗಿರಾಕಿಗಳಿಗೆ ಹೇಳುತ್ತಾನೆ. ಹೇಳಿ ಹೇಳಿ ಅವನೇ ಅದನ್ನು ನಂಬಿದ್ದಾನೆ.

ಕೆಲವು ತಿಂಗಳಾದ ಮೇಲೆ ಮಂಡಳಿಯವರು ನಮ್ಮ ಹೊಲದಂಚಿನಲ್ಲಿ ಹಸಿರು ಫಲಕ ನೆಟ್ಟು ಹೋದರು: ಸಂರಕ್ಷಿತ ಕೃಷಿಭೂಮಿ, ಕೆಳಗೆ ಒಂಬತ್ತು ಹೆಸರು. ಅಮ್ಮ ಸಂಜೆ ಬಂದು ನೋಡಿದಳು. ಕಂಬ ಹೂಕೋಸಿನ ಪಾತಿಯ ಮೇಲೇ ನಿಂತು ಏಳು ಸಸಿ ಮುರಿದಿತ್ತು. ಗುದ್ದಲಿ ತರಿಸಿ ಕಿತ್ತು, ಕಾಲುವೆಯ ಪಕ್ಕ ಒರಗಿಸಿ, ಹೊಸ ಸಸಿ ನೆಡಲು ಕೂತಳು.