ಆರ್ಡಿಸ್ ಮತ್ತು ಹನ್ನೊಂದನೇ ಷರತ್ತು

ಅಮೆರಿಕದ ಮೊಂಟಾನಾದಲ್ಲಿ ನಾನು ಆರು ವರ್ಷ ಬಾಡಿಗೆಗಿದ್ದ ಮನೆಯ ಒಡತಿ ಆರ್ಡಿಸ್ ಈಗಲೂ ಕಣ್ಣಿಗೆ ಕಟ್ಟಿದಂತಿದ್ದಾರೆ. ಹೊಸ ಬಾಡಿಗೆದಾರ ಬಂದರೆ ಕರಾರಿನ ಹನ್ನೊಂದನೇ ಷರತ್ತನ್ನು ಎದ್ದು ನಿಂತೇ ಓದುತ್ತಿದ್ದರು: ಕೋಣೆಯಲ್ಲಿ ಬಂದೂಕು ಇಡುವಂತಿಲ್ಲ, ಅದು ಒಡತಿಯ ಉಕ್ಕಿನ ಬೀರುವಿನಲ್ಲಿರಬೇಕು, ಕೇಳಿದಾಗ ಆಕೆ ಕೊಡಬೇಕು. "ಕೊನೇ ಸಾಲು ನನಗೆ ಹಾಕಿರೋ ಮೂಗುದಾರ ಕಣಪ್ಪ," ಎಂದು ನಗುತ್ತಿದ್ದರು. ಬೇಟೆಯ ಕಾಲದಲ್ಲಿ ಬೆಳಗಿನ ಐದಕ್ಕೇ ಬೀರು ತೆರೆದು, ಒಳಗೆ ಗುಂಡಿಲ್ಲವೆಂದು ಎರಡೆರಡು ಸಲ ನೋಡಿ, ಅವರವರ ಬಂದೂಕು ಅವರವರ ಕೈಗಿಡುತ್ತಿದ್ದರು, ಸಂಜೆ ಜಿಂಕೆ ಮಾಂಸದ ಪಾಲು ಬಾರದಿದ್ದರೆ "ಗುರಿ ತಪ್ಪಿತೋ, ನಮ್ಮನೆ ದಾರಿ ತಪ್ಪಿತೋ?" ಎಂದು ಕಿಚಾಯಿಸುತ್ತಿದ್ದರು. ಇಷ್ಟು ಕಟ್ಟುನಿಟ್ಟಿನ ಹೆಂಗಸು ಷರತ್ತು ಮುರಿದದ್ದು ಒಂದೇ ಸಲ. ಮಹಡಿಯ ಮೇಲಿದ್ದ ಮುದುಕ ವರ್ನ್, ಹೆಂಡತಿಯನ್ನು ಮಣ್ಣು ಮಾಡಿದ ಮರುದಿನ, ಬೇಟೆಯೇ ಇಲ್ಲದ ಮಾರ್ಚ್ ತಿಂಗಳಲ್ಲಿ, ಬಂದೂಕು ಕೇಳಿದ. ಆರ್ಡಿಸ್ ಅಂದರು, "ಕೀಲಿ ಕಳೆದುಹೋಗಿದೆ, ಹುಡುಕ್ತೀನಿ. ಅಲ್ಲೀತನಕ ತಿಂಡಿ ತಿನ್ನು." "ಅದು ನನ್ನ ಹಕ್ಕು, ಆರ್ಡಿಸ್! ಕೋರ್ಟಿಗೆ ಹೋಗ್ತೀನಿ!" "ಹೋಗು ಮಾರಾಯ. ಮೊಟ್ಟೆ ಆರಿಹೋಗುತ್ತೆ, ತಿಂದು ಹೋಗು." ಕೀಲಿ ಅವರ ಕೊರಳಿನ ದಾರದಲ್ಲೇ ಇತ್ತು, ಅದು ವರ್ನ್‌ಗೂ ಕಾಣುತ್ತಿತ್ತು. ಇಪ್ಪತ್ತಮೂರು ದಿನ ಅವನು ಬೆಳಗ್ಗೆ ಬಂದು, ಬೈದು, ತಿಂದು ಹೋದ. ಇಪ್ಪತ್ತನಾಲ್ಕನೆಯ ದಿನ ಬಂದೂಕಿನ ಮಾತೇ ಎತ್ತದೆ, ಮೊಟ್ಟೆಗೆ ಉಪ್ಪು ಸಾಲದು ಎಂದ.